ಫೋನಿಗೆ ಹೇಳಿ ಬರೆಸುವಾಗ ನಮ್ಮ ಕನ್ನಡ ಎಲ್ಲಿ ಹೋಗುತ್ತದೆ?

ನಾನು ಬರೆಯುವ ಕತೆ, ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಮೊದಲು ಬಾಯಲ್ಲಿ ಬರುತ್ತವೆ, ಆಮೇಲೆ ಅಕ್ಷರವಾಗುತ್ತವೆ. ಫೋನಿನ ಕೀಬೋರ್ಡಿನಲ್ಲಿ ಮೈಕಿನ ಗುರುತು ಇರುತ್ತದಲ್ಲ, ಅದನ್ನು ಒತ್ತಿ ಮಾತಾಡುತ್ತೇನೆ, ಅದು ಟೈಪ್ ಮಾಡುತ್ತಾ ಹೋಗುತ್ತದೆ. ಬಲಗೈಯ ಮಣಿಕಟ್ಟು ನೋಯಲು ಶುರುವಾದಾಗ ಮಂಗಳೂರಿನ ಡಾಕ್ಟರು ಸ್ವಲ್ಪ ಸಮಯ ಟೈಪಿಂಗ್ ಬಿಡಿ ಎಂದರು. ಹಾಗೆ ಹಿಡಿದ ದಾರಿ ಇದು. ನೋವು ಕಡಿಮೆಯಾದರೂ ಅಭ್ಯಾಸ ಉಳಿಯಿತು. ಇದರ ಬಗ್ಗೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಹುಡುಕಿದರೆ ಸಿಗುವ ಸಲಹೆಗಳೆಲ್ಲ ಇಂಗ್ಲಿಷಿನಲ್ಲಿ ಬರೆಯುವವರದ್ದು. ಕನ್ನಡದಲ್ಲಿ ಒಂದೆರಡು ಇದ್ದರೂ ಅವು ಬೆಂಗಳೂರು, ಮೈಸೂರು ಕಡೆಯವರದ್ದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಮನೆಯೊಳಗೆ ಹವ್ಯಕ ಭಾಷೆ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮತ್ತು ಪಂಚಾಯತ್ ಆಫೀಸಿನಲ್ಲಿ ಮಲಯಾಳ, ಬರವಣಿಗೆಯಲ್ಲಿ ಪುಸ್ತಕದ ಕನ್ನಡ ಎಂದು ದಿನ ಕಳೆಯುವವರು ಫೋನಿಗೆ ಹೇಳಿ ಬರೆಸಲು ಕೂತರೆ ಏನಾಗುತ್ತದೆ ಎಂದು ಯಾರೂ ಹೇಳಿದ್ದು ನಾನು ಓದಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಯಾಕೆಂದರೆ ಅದು ಸಣ್ಣದಲ್ಲ. ಕನ್ನಡಕ್ಕೆ ಈ ಸೌಲಭ್ಯ ಬಂದದ್ದೇ ತಡವಾಗಿ. ಇಂಗ್ಲಿಷಿನಲ್ಲಿ ನಡುವೆ ನಿಲ್ಲಿಸದೆ ಮಾತಾಡುತ್ತಾ ಬರೆಸಬಹುದಾದ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಎಂಬ ಸಾಫ್ಟ್‌ವೇರ್ 1997ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಅದಕ್ಕೂ ಮೊದಲಿನ ಡಿಕ್ಟೇಶನ್ ಸಾಫ್ಟ್‌ವೇರುಗಳಲ್ಲಿ ಒಂದೊಂದು ಪದ ಆದ ಮೇಲೂ ಸ್ವಲ್ಪ ತಡೆದು ಮುಂದಿನ ಪದ ಹೇಳಬೇಕಿತ್ತು. ನಾವು ಆಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದೇ ದೊಡ್ಡದು ಎಂಬ ಹಂತದಲ್ಲಿದ್ದೆವು. ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿದ್ದು 2017ರ ಆಗಸ್ಟಿನಲ್ಲಿ, ಮಲಯಾಳ, ತಮಿಳು, ತೆಲುಗು ಎಲ್ಲ ಸೇರಿ ಭಾರತದ 8 ಭಾಷೆಗಳಲ್ಲಿ ಒಂದಾಗಿ. ಅಂದರೆ ಇಂಗ್ಲಿಷಿನವರಿಗೂ ನಮಗೂ ನಡುವೆ 20 ವರ್ಷ. ಬಂದ ಮೇಲೆ ಮಾತ್ರ ಅದು ಬೇಗ ಸುಧಾರಿಸಿತು. ಪೇಪರಿನ ಕನ್ನಡದಲ್ಲಿ, ಒಂದೇ ಹದದಲ್ಲಿ ಮಾತಾಡಿದರೆ ಈಗ ನನ್ನ ಫೋನು ಪುಟಗಟ್ಟಲೆ ಸರಿಯಾಗಿ ಬರೆಯುತ್ತದೆ.

ನನಗೆ ಹೆಚ್ಚು ಇಷ್ಟವಾಗುವುದು ಮಹಾಪ್ರಾಣದ ವಿಷಯ. ಮಾತಾಡುವಾಗ ನಮ್ಮಲ್ಲಿ ಹೆಚ್ಚಿನವರು ಮಹಾಪ್ರಾಣವನ್ನು ಒತ್ತಿ ಹೇಳುವುದಿಲ್ಲ. ಬಾಶೆ ಎನ್ನುತ್ತೇವೆ, ಫೋನು ಭಾಷೆ ಎಂದೇ ಬರೆಯುತ್ತದೆ. ಧೈರ್ಯ, ಘಟನೆ, ಇವು ಯಾವುದನ್ನೂ ನಾನು ತಿದ್ದಬೇಕಾಗಿಲ್ಲ. ಟೈಪ್ ಮಾಡುವಾಗ ಶಿಫ್ಟ್ ಒತ್ತಿ ಒತ್ತಿ ಕಿರುಬೆರಳು ಸೋಲುತ್ತಿತ್ತು, ಈಗ ಆ ಕೆಲಸವೇ ಇಲ್ಲ.

ಆದರೆ ಅದು ಹೇಗೆ ಸರಿ ಬರೆಯುತ್ತದೆ ಎಂದು ತಿಳಿದರೆ ಎಲ್ಲಿ ತಪ್ಪುತ್ತದೆ ಎಂಬುದೂ ತಿಳಿಯುತ್ತದೆ. ಫೋನು ಕೇಳುವುದು ದನಿಯನ್ನು ಮಾತ್ರ ಅಲ್ಲ. ಈ ದನಿಗೆ ಯಾವ ಯಾವ ಪದ ಹೊಂದಬಹುದು ಎಂದು ಒಂದಷ್ಟು ಹುಡುಕುತ್ತದೆ, ಹಿಂದೆ ಮುಂದೆ ಇರುವ ಪದಗಳ ಜೊತೆ ಅವುಗಳಲ್ಲಿ ಯಾವುದು ಸಾಮಾನ್ಯವಾಗಿ ಬರುತ್ತದೆ ಎಂದು ಲೆಕ್ಕ ಹಾಕುತ್ತದೆ, ಆಮೇಲೆ ಹೆಚ್ಚು ಸಾಧ್ಯತೆ ಇರುವುದನ್ನು ಬರೆಯುತ್ತದೆ. ಬಾಶೆ ಎಂದರೂ ಭಾಷೆ ಎಂದು ಬರೆಯುವುದು ಹೀಗೆ. ಅದು ಕಲಿತ ಕನ್ನಡದಲ್ಲಿ ಭಾಷೆ ಸಾವಿರ ಸಲ ಇದೆ, ಬಾಶೆ ಇಲ್ಲ. ಈಗ ಅದು ಕಲಿತದ್ದರಲ್ಲಿ ಇಲ್ಲದ ಪದವೊಂದನ್ನು ನಾವು ಹೇಳಿದರೆ? ಅದರ ಹತ್ತಿರದ, ಹೆಚ್ಚು ಜನ ಹೇಳುವ ಇನ್ನೊಂದು ಪದ ಬರುತ್ತದೆ. ಕೆಂಪು ಗೆರೆ ಬರುವುದಿಲ್ಲ, ತಪ್ಪು ಎಂದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಬಂದ ಪದದ ಕಾಗುಣಿತ ಸರಿಯಾಗಿಯೇ ಇರುತ್ತದೆ. ಟೈಪ್ ಮಾಡುವಾಗ ಆಗುವ ತಪ್ಪು ಕಣ್ಣಿಗೆ ಬೀಳುತ್ತದೆ. ಹೇಳಿ ಬರೆಸುವಾಗ ಆಗುವ ತಪ್ಪು ಚೆನ್ನಾಗಿ ಬಟ್ಟೆ ಹಾಕಿಕೊಂಡು ಬಂದು ಕೂತಿರುತ್ತದೆ.

ನಮ್ಮ ಊರುಗಳ ಹೆಸರನ್ನೇ ನೋಡಿ. ನೀರ್ಚಾಲು ಎಂದರೆ ನನ್ನ ಫೋನಿನಲ್ಲಿ ‘ನೀರು ಚಾಲು’ ಎಂದು ಎರಡು ಪದ. ಎಡನೀರು ಎಂದರೆ ‘ಎಡ ನೀರು’. ಪೆರ್ಲ ಒಂದೊಂದು ಸಲ ಒಂದೊಂದು ರೀತಿ. ಕುಂಬಳೆ ಎಂದರೆ ತರಕಾರಿ ಕುಂಬಳ. ಮಂಗಳೂರು, ಬೆಂಗಳೂರು ಮಾತ್ರ ಯಾವತ್ತೂ ತಪ್ಪುವುದಿಲ್ಲ. ಇದು ಸಣ್ಣ ವಿಷಯ ಅಂತ ಬೇರೆ ಕಡೆಯವರಿಗೆ ಅನ್ನಿಸಬಹುದು. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ನಮಗೆ ಊರಿನ ಹೆಸರು ಸಣ್ಣ ವಿಷಯ ಅಲ್ಲ. ಮಲಯಾಳದಲ್ಲಿ ಮಂಜೇಶ್ವರ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳ ಆಗುತ್ತದೆ. ಹೆಸರು ಬದಲಾಗುತ್ತಿದೆ ಎಂಬ ಸುದ್ದಿ ಬಂದು 2021ರಲ್ಲಿ ಎರಡು ರಾಜ್ಯಗಳ ನಡುವೆ ದೊಡ್ಡ ಮಾತುಕತೆಯೇ ನಡೆಯಿತು. ಬೋರ್ಡಿನಲ್ಲಿ ಹೆಸರು ಉಳಿಯಲಿ ಎಂದು ಅರ್ಜಿ ಹಿಡಿದು ಓಡಾಡುವ ನಾವು ನಮ್ಮದೇ ಬರವಣಿಗೆಯಲ್ಲಿ ಅದು ಬದಲಾಗುವುದನ್ನು ನೋಡದೆ ಬಿಡಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಾಗಿ ಊರಿನ ಹೆಸರು, ಮನೆಯ ಹೆಸರು, ಗುಡ್ಡ ಬೈಲುಗಳ ಹೆಸರು ಇವಿಷ್ಟನ್ನು ನಾನು ಹೇಳುವುದೇ ಇಲ್ಲ. ಹೇಳುವಾಗ ಅಲ್ಲಿ ಸುಮ್ನೆ ‘ಊರು’ ಎನ್ನುತ್ತೇನೆ, ಆಮೇಲೆ ಕೈಯಲ್ಲಿ ತುಂಬುತ್ತೇನೆ.

ಕೃಷಿಯ ಪದಗಳದ್ದು ಇನ್ನೊಂದು ಕತೆ. ಅಡಿಕೆ, ತೆಂಗು, ಕೊಳೆರೋಗ ಎಲ್ಲ ಸರಿ ಬರುತ್ತವೆ, ಅವು ಪೇಪರಿನಲ್ಲಿ ಬರುವ ಪದಗಳು. ಮಳೆನೀರು ಹಿಡಿದಿಡುವ ಕೆರೆಗೆ ನಾವು ಹೇಳುವ ‘ಮದಕ’ ಮಾತ್ರ ‘ಮದಕರಿ’ ಆಗುತ್ತದೆ. ಸುರಂಗ ಎಂದರೆ ಸರಿಯಾಗಿಯೇ ಬರೆಯುತ್ತದೆ, ಮುಂದಿನ ಪದಕ್ಕೆ ಬಂದಾಗ ಮಾತ್ರ ಅದರ ಲೆಕ್ಕ ಮೆಟ್ರೋ ಕಡೆಗೋ ಹೈವೇ ಕಡೆಗೋ ಹೋಗಿಬಿಡುತ್ತದೆ. ನಮ್ಮ ಸುರಂಗ ನೀರಿನದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾರೆ, ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ‘ಸುರಂಗದ ಮೂಲೆ’ ಎಂದು ಹೇಳಿದರೆ ‘ಸುರಂಗದ ಮೂಲಕ’ ಎಂದು ಬರುತ್ತದೆ. ಅದರ ತಪ್ಪಲ್ಲ, ಅದು ಕೇಳಿದ ಜನ ಸುರಂಗದ ಮೂಲಕ ಎಲ್ಲಿಗೋ ಹೋಗುವವರು.

ಈ ಸುರಂಗದ ವಿಷಯ ಬರೆಯಲು ಹೊರಟಾಗಲೇ ನನಗೆ ಈ ತಂತ್ರದ ನಿಜವಾದ ಮಿತಿ ಕಂಡದ್ದು. ನಮ್ಮ ದೊಡ್ಡಮ್ಮನಿಗೆ ಹಳೆಯದೆಲ್ಲ ನೆನಪಿದೆ. ಅವರ ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಹಿಂದಿನ ಗುಡ್ಡದಲ್ಲಿ ಸುರಂಗ ಕೊರೆದದ್ದನ್ನು ಅವರು ಹೇಳುವುದು ಕೇಳಬೇಕು. ಪಿಕ್ಕಾಸಿನ ಸದ್ದು, ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿಯುತ್ತಿದ್ದವರು, ಒಳಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದ ದೀಪ. ಗಾಳಿ ಕಡಿಮೆಯಾದರೆ ದೀಪ ಸಣ್ಣದಾಗುತ್ತದೆ, ಅದು ನಂದಿದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ನಾನು ಫೋನನ್ನು ಅವರ ಹತ್ತಿರ ಇಟ್ಟು, ದೊಡ್ಡಮ್ಮ ನೀವು ಹೇಳಿ, ಇದು ಬರೆದುಕೊಳ್ಳುತ್ತದೆ ಎಂದೆ. ಅವರು ಒಮ್ಮೆ ಫೋನನ್ನು ನೋಡಿದರು. “ಎನ್ನ ಮಾತು ಅದಕ್ಕೆ ಗೊಂತಾವ್ತೋ?” ಎಂದು ಕೇಳಿದರು. ಆಮೇಲೆ ಹೇಳುತ್ತಾ ಹೋದರು.

ಗೊತ್ತಾಗಲಿಲ್ಲ. “ದೀಪ ನಂದಿರೆ ಹೆರ ಬಪ್ಪದು” ಎಂದು ಅವರು ಹೇಳಿದ್ದು ಪರದೆಯಲ್ಲಿ “ದೀಪ ನಂದಿನಿ ಹೊರ ಬಂದದ್ದು” ಎಂದು ಬಂದಿತ್ತು. ಆನು (ನಾನು) ಎಂದದ್ದು ಅನು ಎಂಬ ಹುಡುಗಿಯ ಹೆಸರಾಗಿತ್ತು. ಎಂಗೊ (ನಾವು) ಎಂದದ್ದು ಹೆಂಗೋ ಆಗಿತ್ತು. ‘ಎನಗೆ’ ಎಂದದ್ದು ಕೆಲವು ಕಡೆ ‘ನನಗೆ’, ಕೆಲವು ಕಡೆ ‘ಏನಾಗಿದೆ’ ಎಂದು ಬಂದಿತ್ತು. ನಮ್ಮ ಭಾಷೆಯಲ್ಲಿ ಪದದ ಕೊನೆಗೆ ಮೂಗಿನಲ್ಲಿ ಸ್ವಲ್ಪ ಎಳೆಯುವ ದನಿ ಇದೆ, ಬರೆಯುವಾಗ ಅದಕ್ಕೆ ಮೇಲೊಂದು ಸಣ್ಣ ಸೊನ್ನೆ ಇಡುತ್ತೇವೆ, ಬಂದ° ಎಂದು. ಅದಂತೂ ಇಡೀ ಪಠ್ಯದಲ್ಲಿ ಒಂದು ಕಡೆಯೂ ಇರಲಿಲ್ಲ.

ಇಷ್ಟೇ ಆಗಿದ್ದರೆ ತಿದ್ದಿ ಸುಮ್ಮನಾಗುತ್ತಿದ್ದೆ. ನನ್ನನ್ನು ತಡೆದದ್ದು ಬೇರೆ. ಕೆಲವು ವಾಕ್ಯಗಳನ್ನು ಫೋನು ತಪ್ಪಿಲ್ಲದೆ ಶಿಷ್ಟ ಕನ್ನಡಕ್ಕೆ ತಿರುಗಿಸಿಬಿಟ್ಟಿತ್ತು. ಓದಿದರೆ ಚೆನ್ನಾಗಿಯೇ ಇದ್ದವು. ಆದರೆ ಅಲ್ಲಿ ಮಾತಾಡುತ್ತಿದ್ದದ್ದು ದೊಡ್ಡಮ್ಮ ಅಲ್ಲ, ಶಾಲೆ ಕಲಿತ ಯಾರೋ ಒಬ್ಬರು. ಆತುರದಲ್ಲಿ ಇರುವ ಬರಹಗಾರ ಇಂಥ ವಾಕ್ಯವನ್ನು ಹಾಗೆಯೇ ಬಿಟ್ಟುಬಿಡುತ್ತಾನೆ, ತಪ್ಪೇ ಇಲ್ಲವಲ್ಲ ಎಂದು. ಹತ್ತು ಜನ ಹಾಗೆ ಬಿಟ್ಟರೆ, ನಾಳೆ ಇದೇ ಬರಹವನ್ನು ಓದಿ ಇನ್ನೊಂದು ಯಂತ್ರ ಕಲಿತರೆ, ಕಾಸರಗೋಡಿನ ಮುದುಕಿಯರು ಹೀಗೆಯೇ ಮಾತಾಡುತ್ತಿದ್ದರು ಅಂತ ಆಗುತ್ತದೆ. ಇದು ನನಗೆ ನಿಜವಾಗಿ ಭಯ ಹುಟ್ಟಿಸುವ ವಿಷಯ.

ಅದಕ್ಕೆ ಈಗ ಹಿರಿಯರು ಮಾತಾಡುವಾಗ ಡಿಕ್ಟೇಶನ್ ಬಳಸುವುದಿಲ್ಲ. ಮಾಮೂಲಿ ರೆಕಾರ್ಡರ್ ಆಪ್ ಹಾಕುತ್ತೇನೆ, ದನಿ ಹಾಗೆಯೇ ಉಳಿಯುತ್ತದೆ, ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿ ಕೇಳಿ ಕೈಯಲ್ಲಿ ಬರೆಯುತ್ತೇನೆ. ನಿಧಾನ. ಆದರೆ ಡಿಕ್ಟೇಶನ್ ಆಪ್‌ಗಳಲ್ಲಿ ಹೆಚ್ಚಿನವು ಮಾತನ್ನು ಅಕ್ಷರ ಮಾಡಿದ ಕೂಡಲೇ ದನಿಯನ್ನು ನಮಗಾಗಿ ಉಳಿಸುವುದಿಲ್ಲ, ಅಕ್ಷರ ತಪ್ಪಾದರೆ ಮೂಲಕ್ಕೆ ಹೋಗಿ ನೋಡಲು ಏನೂ ಇರುವುದಿಲ್ಲ. ಇನ್ನೊಂದು ಮಾತು. ಇಂಥ ಆಪ್‌ಗಳಲ್ಲಿ ಬಹಳಷ್ಟು ದನಿಯನ್ನು ಇಂಟರ್ನೆಟ್ಟಿನ ಮೂಲಕ ಕಂಪನಿಯ ಕಂಪ್ಯೂಟರಿಗೆ ಕಳಿಸಿಯೇ ಅಕ್ಷರ ಮಾಡಿಸುತ್ತವೆ. ನನ್ನ ಕತೆ ಹೋದರೆ ಹೋಗಲಿ. ಮನೆಯ ಹಿರಿಯರ ಮಾತು ಅವರಿಗೆ ತಿಳಿಸದೆ ಹಾಗೆ ಹೋಗುವುದು ಸರಿಯಲ್ಲ.

ಹಾಗಾದರೆ ನಾನು ಯಾವುದನ್ನು ಹೇಳಿ ಬರೆಸುತ್ತೇನೆ? ನನ್ನದೇ ನಿರೂಪಣೆಯನ್ನು. ಅದರಲ್ಲೂ ಒಂದು ಕ್ರಮ ಹಿಡಿದ ಮೇಲೆ ಅದು ಸುಲಭವಾಯಿತು, ಆ ಕ್ರಮವನ್ನು ಕೊಟ್ಟದ್ದು ನಮ್ಮ ಕಡೆಯ ತಾಳಮದ್ದಳೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ, ಅಂದರೆ ಹಾಡು, ಹೇಳುತ್ತಾರೆ, ಅದನ್ನು ಹಿಡಿದು ಅರ್ಥಧಾರಿ ಕೂತಲ್ಲೇ ಮಾತಾಡುತ್ತಾರೆ. ಮಾತು ಮೊದಲೇ ಬರೆದದ್ದಲ್ಲ. ಆದರೂ ವಾಕ್ಯ ಅರ್ಧಕ್ಕೆ ನಿಲ್ಲುವುದಿಲ್ಲ, ಎಷ್ಟು ಉದ್ದ ಹೋದರೂ ಕರ್ತೃ ಕ್ರಿಯೆ ಸರಿಯಾಗಿ ಬಂದು ಸೇರುತ್ತವೆ. ಪೆರ್ಲದ ಹತ್ತಿರದ ಶೇಣಿಯನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಕ್ಯಾಸೆಟ್ಟುಗಳನ್ನು ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಬಾಯಿಂದ ನೇರ ಬರುವ ಗದ್ಯ ಬರೆದ ಗದ್ಯಕ್ಕಿಂತ ಗಟ್ಟಿಯಾಗಿ ಇರಬಹುದು ಎಂಬುದಕ್ಕೆ ನಮ್ಮೂರಿನಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಡನೀರು ಮಠದಲ್ಲೋ ಊರಿನ ದೇವಸ್ಥಾನದಲ್ಲೋ ಕೂತು ಇದನ್ನು ಕೇಳುತ್ತಾ ಬೆಳೆದವರು ನಾವು.

ಅರ್ಥಧಾರಿಗೆ ಪದ ಇದೆ, ಅದೇ ಅವರನ್ನು ಹಿಡಿದು ನಿಲ್ಲಿಸುತ್ತದೆ. ಆ ಪದದಲ್ಲಿ ಇರುವಷ್ಟನ್ನು ಬಿಡಿಸಿ ಹೇಳಿ, ಮುಂದಿನ ಪದಕ್ಕೆ ದಾರಿ ಮಾಡಿ ಬಿಡಬೇಕು. ಮೈಕ್ ಒತ್ತಿ ಬರಿಗೈಯಲ್ಲಿ ಕೂತರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಒಂದೇ ವಿಷಯ ಮೂರು ಸಲ ಬರುತ್ತದೆ. ಹಾಗಾಗಿ ನಾನು ಮೊದಲು ಒಂದು ಕಾಗದದಲ್ಲಿ ಪೆನ್ನಿನಿಂದ ಐದಾರು ಸಾಲು ಬರೆದುಕೊಳ್ಳುತ್ತೇನೆ. ಒಂದೊಂದು ಸಾಲು ಒಂದೊಂದು ಪ್ಯಾರಾಕ್ಕೆ. ಪೂರ್ತಿ ವಾಕ್ಯವೂ ಆಗಬೇಕಾಗಿಲ್ಲ, ‘ಅಜ್ಜನ ಮನೆ ಜಗಲಿ, ಸಾಲದ ಮಾತು’ ಎಂದಿದ್ದರೆ ಸಾಕು. ಕಾಗದ ಕಿಸೆಯಲ್ಲಿ ಇಟ್ಟುಕೊಂಡು ತೋಟಕ್ಕೆ ಇಳಿಯುತ್ತೇನೆ. ಒಂದು ಸಾಲು ನೋಡಿ, ಅದನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿ, ಆಮೇಲೆ ಮೈಕ್ ಒತ್ತಿ ಆ ಪ್ಯಾರಾವನ್ನು ಹೇಳಿ ಮುಗಿಸಿ, ಮೈಕ್ ನಿಲ್ಲಿಸುತ್ತೇನೆ. ಮುಂದಿನ ಸಾಲಿಗೆ ಮುಂದಿನ ಅಡಿಕೆ ಮರದ ಬುಡ. ನಡೆಯುತ್ತಾ ಹೇಳಿದ ವಾಕ್ಯಗಳಿಗೆ ಒಂದು ಉಸಿರು ಇರುತ್ತದೆ, ಕಂಪ್ಯೂಟರಿನ ಎದುರು ಕೂತು ಬರೆದವುಗಳಲ್ಲಿ ಅದು ನನಗೆ ಬರುತ್ತಿರಲಿಲ್ಲ. ಸಂಭಾಷಣೆ ಕೂಡ ಹೀಗೆ ಹೇಳಿದರೆ ಚೆನ್ನಾಗಿ ಬರುತ್ತದೆ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ವೇಗ ಸರಿಯಾಗಿ ಸಿಗುತ್ತದೆ, ಪಾತ್ರಗಳು ಮನೆಮಾತಿನಲ್ಲಿ ಮಾತಾಡುವುದಾದರೆ ಮಾತ್ರ ಫೋನಿಗೆ ಕೊಡಬೇಡಿ.

ಸಣ್ಣ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ನಾನು ಬಳಸುವ ಆಪಿನಲ್ಲಿ ಕನ್ನಡಕ್ಕೆ ಪೂರ್ಣವಿರಾಮ, ಅಲ್ಪವಿರಾಮ ತಾನಾಗಿ ಬರುವುದಿಲ್ಲ, ಎಲ್ಲ ಒಂದೇ ಉದ್ದದ ಸಾಲು. ಅದನ್ನು ಹೇಳಿದ ದಿನವೇ ಕೂತು ಬಿಡಿಸದಿದ್ದರೆ ಎಲ್ಲಿ ನಿಲ್ಲಿಸಿದ್ದೆ ಎಂದು ಮರೆತುಹೋಗುತ್ತದೆ. ಸಂಖ್ಯೆಗಳನ್ನು ಅಂಕಿಯಲ್ಲೇ ಬರೆಯುತ್ತದೆ, ‘ಎರಡು ಮಾತು ಹೇಳಿ ಹೋದರು’ ಎಂಬುದು ‘2 ಮಾತು’ ಆಗಿರುತ್ತದೆ. ಕತೆಯಲ್ಲಿ ಅದು ಕಣ್ಣಿಗೆ ಕುಟುಕುತ್ತದೆ. ಕೂಡಿಸಿ ಬರೆಯುವ ಪದಗಳನ್ನು ಒಡೆಯುತ್ತದೆ, ‘ಹೋಗಬೇಕಾಗಿತ್ತಲ್ಲ’ ಎಂಬುದು ಮೂರು ತುಂಡು. ಇದಕ್ಕೆ ಕಾರಣ ಕನ್ನಡದ ಸ್ವಭಾವವೇ. ಇಂಗ್ಲಿಷಿನಲ್ಲಿ ಬೇರೆ ಬೇರೆ ನಿಲ್ಲುವ ಪದಗಳು ನಮ್ಮಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಂದು ಕ್ರಿಯಾಪದಕ್ಕೆ ನೂರಾರು ರೂಪ, ಎಲ್ಲ ರೂಪವನ್ನೂ ಯಂತ್ರ ಕೇಳಿರುವುದಿಲ್ಲ. ಕೇರಳದ ಹೆಂಗಸರ ಸ್ವಸಹಾಯ ಗುಂಪುಗಳ ಕುಡುಂಬಶ್ರೀ ಮೀಟಿಂಗ್ ಎಂದರೆ ಕುಟುಂಬ ಶ್ರೀ ಎಂದು ತಿದ್ದುತ್ತದೆ, ಅಕ್ಷಯಕ್ಕೆ ಹೋಗಿ ಬಂದೆ ಎಂದರೆ ಅಕ್ಷಯ ಎಂಬ ಮನುಷ್ಯನನ್ನು ಕಂಡು ಬಂದ ಹಾಗೆ. ಅಕ್ಷಯ ಎಂದರೆ ಕೇರಳ ಸರಕಾರದ ಕಂಪ್ಯೂಟರ್ ಸೇವಾ ಕೇಂದ್ರ, ನಮ್ಮ ಕತೆಗಳಲ್ಲಿ ಅದು ಬರದೆ ಇರಲು ಸಾಧ್ಯವೇ ಇಲ್ಲ. ಮತ್ತೆ ಮಳೆಗಾಲ. ಜೂನಿನಿಂದ ಅಂಗಳದ ಶೀಟಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಫೋನಿಗೆ ನಮ್ಮ ದನಿಯೇ ಕೇಳುವುದಿಲ್ಲ. ಬಾಯಿಯ ಹತ್ತಿರ ಮೈಕ್ ಬರುವ ವಯರಿನ ಇಯರ್‌ಫೋನ್ ಇದ್ದರೆ ಸ್ವಲ್ಪ ಪರವಾಗಿಲ್ಲ.

ಯಂತ್ರ ನಮ್ಮ ಕನ್ನಡವನ್ನು ಕಲಿಯುವುದೇ ಇಲ್ಲವಾ? ಕಲಿಯುತ್ತದೆ, ಕೇಳಿಸಿದರೆ. ಓಪನ್‌ಎಐ ಕಂಪನಿ 2022ರಲ್ಲಿ ಹೊರತಂದ ವಿಸ್ಪರ್ ಎಂಬ ಮಾದರಿ 6,80,000 ಗಂಟೆಗಳ ಮಾತು ಕೇಳಿ ಕಲಿತದ್ದು, ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಇಂಗ್ಲಿಷೇ. ಉಳಿದದ್ದರಲ್ಲಿ ತೊಂಬತ್ತಕ್ಕೂ ಹೆಚ್ಚು ಭಾಷೆ ಹಂಚಿಕೊಳ್ಳಬೇಕು. ನಮ್ಮ ದೇಶದಲ್ಲಿ ಕೇಂದ್ರ ಸರಕಾರದ ಭಾಷಾ ತಂತ್ರಜ್ಞಾನದ ಯೋಜನೆ ಭಾಷಿಣಿ 2022ರಲ್ಲಿ ಶುರುವಾಯಿತು, ಅದರ ಗುರಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳು. ಆ ಪಟ್ಟಿಯಲ್ಲಿ ಕನ್ನಡ ಇದೆ, ತುಳು ಇಲ್ಲ, ಹವ್ಯಕವನ್ನಂತೂ ಕನ್ನಡದ ಒಳಗೇ ಲೆಕ್ಕ ಹಾಕುತ್ತಾರೆ. ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ಕೈಗೆತ್ತಿಕೊಂಡ ವಾಣಿ ಯೋಜನೆ. ಅವರು ಮಾತನ್ನು ಭಾಷೆಯ ಹೆಸರು ಹಿಡಿದು ಅಲ್ಲ, ಜಿಲ್ಲೆ ಹಿಡಿದು ಸಂಗ್ರಹಿಸುತ್ತಾರೆ. ದೇಶದ 773 ಜಿಲ್ಲೆಗಳಿಂದ ಸಂಗ್ರಹಿಸುವುದು ಅವರ ಯೋಜನೆ. ಗಡಿಯವರಿಗೆ ಇದೇ ಸರಿಯಾದ ದಾರಿ. ಭಾಷೆಯ ಲೆಕ್ಕದಲ್ಲಿ ಹುಡುಕಿದರೆ ಕನ್ನಡಕ್ಕೆ ಕರ್ನಾಟಕಕ್ಕೆ ಹೋಗುತ್ತಾರೆ, ಕೇರಳಕ್ಕೆ ಬಂದರೆ ಮಲಯಾಳ ಕೇಳುತ್ತಾರೆ, ಎರಡರಲ್ಲೂ ನಾವು ಇರುವುದಿಲ್ಲ. ಜಿಲ್ಲೆಯ ಲೆಕ್ಕದಲ್ಲಿ ಬಂದರೆ ಇಲ್ಲಿ ಇರುವುದೆಲ್ಲ ಕೇಳಲೇಬೇಕು. ಇಂಥ ಯೋಜನೆಯವರು ನಿಮ್ಮ ಊರಿಗೆ ಬಂದು ಒಂದು ಚಿತ್ರ ತೋರಿಸಿ ಇದರ ಬಗ್ಗೆ ಮಾತಾಡಿ ಎಂದರೆ, ದಯವಿಟ್ಟು ಪೇಪರಿನ ಕನ್ನಡದಲ್ಲಿ ಮಾತಾಡಬೇಡಿ. ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆಯೇ ಹೇಳಿ. ಕರಾಡ, ಕೋಟೆ, ಶಿವಳ್ಳಿ, ಹವ್ಯಕ, ಬ್ಯಾರಿ, ತುಳು, ಯಾವುದಿದ್ದರೆ ಅದು. ಹಿರಿಯರು ಒಪ್ಪಿದರೆ ಅವರನ್ನೂ ಕೂರಿಸಿ.

ಸದ್ಯಕ್ಕೆ ನನ್ನ ಕೆಲಸ ಹೀಗೆ ಹಂಚಿಹೋಗಿದೆ. ಬೆಳಿಗ್ಗೆ ತೋಟದಲ್ಲಿ ನಿರೂಪಣೆ ಬಾಯಲ್ಲಿ. ಸಂಜೆ ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಹಾಕಿ ತಿದ್ದುವುದು, ಊರಿನ ಹೆಸರು ತುಂಬುವುದು, ಮನೆಮಾತಿನ ಸಂಭಾಷಣೆ ಕೈಯಲ್ಲಿ ಬರೆಯುವುದು. ಕೈಗೆ ಹಿಂದಿನ ಅರ್ಧದಷ್ಟೂ ಕೆಲಸ ಇಲ್ಲ, ಹಾಗಾಗಿ ಮಣಿಕಟ್ಟು ತಡೆದುಕೊಳ್ಳುತ್ತದೆ. ತಿದ್ದುವಾಗ ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದುತ್ತೇನೆ, ಕಣ್ಣು ದಾಟಿಹೋದ ತಪ್ಪು ಪದವನ್ನು ಕಿವಿ ಹಿಡಿಯುತ್ತದೆ. ದೊಡ್ಡಮ್ಮನ ಸುರಂಗದ ರೆಕಾರ್ಡಿಂಗ್ ಇನ್ನೂ ಕೇಳಿ ಬರೆಯುತ್ತಾ ಇದ್ದೇನೆ, ಮಣ್ಣು ಹೊರುವವರ ಭಾಗ ಮುಗಿದಿದೆ, ನೀರು ಸಿಕ್ಕಿದ ದಿನದ್ದು ಬಾಕಿ ಇದೆ.